ನಾಲ್ಕನೇ ಕೊಳವೆಯ ತಲೆ

ಚೆನ್ನೈ,
18 ಜೂನ್ 2025, ಬುಧವಾರ

ಪ್ರೀತಿಯ ವಿದ್ಯಾ,

ಹೀಗೆ ಕರೆಯುವ ಸಲಿಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲವೆನಿಸಿದರೆ ಆ ಎರಡು ಪದಗಳನ್ನು ಹೊಡೆದುಹಾಕಿ ಮುಂದಕ್ಕೆ ಓದು. ಓದದೆ ಮಾತ್ರ ಎತ್ತಿಡಬೇಡ. ಇದರಲ್ಲಿ ನಿನ್ನ ಮಗಳ ವಿಷಯವಿದೆ. ಸೋಮವಾರದೊಳಗೆ ನಿನಗೆ ತಿಳಿಯಲೇಬೇಕಾದದ್ದು ಒಂದಿದೆ.

ಗಾಬರಿ ಬೇಡ. ಶ್ರೀಯಾ ಚೆನ್ನಾಗಿದ್ದಾಳೆ. ಹಾಸ್ಟೆಲಿನ ಸಾಂಬಾರನ್ನು ದಿನವೂ ಬೈಯುತ್ತಾಳೆ, ದಿನವೂ ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ನಿನ್ನ ಫೋನ್ ನಂಬರು ಅವಳ ಅರ್ಜಿಯಲ್ಲಿದೆ. ಎರಡು ಸಲ ಒತ್ತಲು ಹೋಗಿ ಬಿಟ್ಟೆ. ಫೋನಿನಲ್ಲಾದರೆ ನಾನು ಅರ್ಧ ಹೇಳಿ ಅಳುತ್ತೇನೆ, ನೀನು ನನ್ನನ್ನೇ ಸಮಾಧಾನ ಮಾಡಲು ಕೂರುತ್ತೀಯ, ಉಳಿದರ್ಧ ಹಾಗೇ ಉಳಿದುಬಿಡುತ್ತದೆ. ನಿನ್ನ ಸ್ವಭಾವ ನನಗೆ ಗೊತ್ತು, ನನ್ನದು ಇನ್ನೂ ಚೆನ್ನಾಗಿ ಗೊತ್ತು. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಹೋದ ಡಿಸೆಂಬರಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ಪ್ರಬಂಧಕ್ಕೆ ವಿಷಯ ಕೇಳಿಕೊಂಡು ನಮ್ಮ ಪ್ರಯೋಗಾಲಯಕ್ಕೆ ಬಂದಳು. ಕನ್ನಡದವಳೆಂದು ತಿಳಿದು ನಾನು ಕನ್ನಡದಲ್ಲಿ ಮಾತಾಡಿಸಿದೆ, ಅವಳು ತಮಿಳಿನಲ್ಲಿ ಉತ್ತರ ಕೊಟ್ಟಳು. ಇಲ್ಲಿನ ಕನ್ನಡದ ಮಕ್ಕಳೆಲ್ಲ ಹೀಗೇ, ನನಗೆ ಹೊಸದೇನಲ್ಲ. ಅಪ್ಪ ಅಮ್ಮ ಎರಡು ವರ್ಷದ ಹಿಂದೆ ಮೈಸೂರಿಗೆ ವರ್ಗವಾಗಿ ಹೋದರು, ತಾನು ಇಲ್ಲೇ ಉಳಿದೆ ಎಂದಳು. ಅರ್ಜಿ ನೋಡಿದೆ. ತಾಯಿ ಶ್ರೀವಿದ್ಯಾ ಗಿರಿಧರ್, ವಿಮಾ ಕಚೇರಿಯಲ್ಲಿ ಅಧಿಕಾರಿ. ಆಮೇಲೆ ಮುಖ ನೋಡಿದೆ. ಹುಬ್ಬು ಗಿರಿಧರರದ್ದಿರಬೇಕು, ಮಿಕ್ಕಿದ್ದೆಲ್ಲ ನೀನೇ.

“ಅಮ್ಮಾವುಂ ಕೊಂಜ ನಾಳ್ ಜಿಯಾಲಜಿ ಪಡಿಚ್ಚಾಂಗ ಮ್ಯಾಮ್, ಬೋರ್ ಅಡಿಚ್ಚು ವಿಟ್ಟುಟ್ಟಾಂಗ” ಎಂದಳು ತಾನಾಗಿಯೇ. ಅಮ್ಮನೂ ಸ್ವಲ್ಪ ದಿನ ಇದನ್ನೇ ಓದಿದರಂತೆ, ಬೇಜಾರಾಗಿ ಬಿಟ್ಟರಂತೆ. ನಾನು ತಲೆ ಆಡಿಸಿದೆ. ಭಾನುವಾರವೂ ಸೂಕ್ಷ್ಮದರ್ಶಕದ ಮುಂದಿನಿಂದ ಏಳದೆ ರೈಲ್ವೆ ಕ್ವಾರ್ಟರ್ಸಿಗೆ ಕೊನೆಯ ಗಾಡಿ ಹಿಡಿದು ಓಡುತ್ತಿದ್ದವಳಿಗೆ ಬೇಜಾರಾಯಿತಂತೆ! ನಿನ್ನ ಮನೆಯಲ್ಲಿ ನೀನು ನನ್ನ ಹೆಸರನ್ನಾಗಲಿ ಆ ವರ್ಷದ ಸುದ್ದಿಯನ್ನಾಗಲಿ ಒಮ್ಮೆಯೂ ಎತ್ತಿಲ್ಲವೆಂದು ಆಗ ತಿಳಿಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ನನಗೆ.

ಅವಳಿಗೆ ನಮ್ಮ ಹಳೆಯ ಪುಲಿಕಾಟ್ ಕೆಸರಿನ ಕೊಳವೆಗಳನ್ನು ಕೊಟ್ಟದ್ದು ನಾನಲ್ಲ. ಅವಳೇ ಉಗ್ರಾಣದ ಪಟ್ಟಿ ತಿರುವಿ ಆರಿಸಿಕೊಂಡಳು. ಬೇರೆ ಏನಾದರೂ ತೆಗೆದುಕೋ, ಇವು ಹಳತು, ಒಣಗಿವೆ ಎಂದು ಮೂರು ಸಲ ಹೇಳಿದೆ. ಹಟ ಯಾರದೆಂದು ನಿನಗೆ ಹೇಳಬೇಕೇ?

ಮೂವತ್ತು ವರ್ಷ ಪಾಲಿಸಿ ಕಾಗದಗಳ ನಡುವೆ ಇದ್ದವಳಿಗೆ ಒಂದಿಷ್ಟು ನೆನಪು ಮಾಡಿಕೊಡುತ್ತೇನೆ. 1995ರ ಏಪ್ರಿಲ್. ಊರಿಗಿನ್ನೂ ಮದ್ರಾಸೆಂದೇ ಹೆಸರು. ಇಲಾಖೆಯ ಜೀಪು ಮಣಲಿ ದಾಟುವವರೆಗೆ ಎಣ್ಣೆ ಕಾರ್ಖಾನೆಯ ವಾಸನೆಗೆ ಇಬ್ಬರೂ ಸೆರಗು ಮೂಗಿಗೆ ಹಿಡಿದಿದ್ದೆವು. ಪುಲಿಕಾಟ್ ಹಿನ್ನೀರಿನ ಅಂಚಿನಲ್ಲಿ ಬಿದಿರಿನ ಮುಕ್ಕಾಲಿ ನಿಲ್ಲಿಸಿ, ಆರಡಿ ಉದ್ದದ ಅಲ್ಯುಮಿನಿಯಂ ಕೊಳವೆಗಳನ್ನು ಕೆಸರಿಗೆ ಬಡಿದು ಇಳಿಸಿ, ಚೈನ್ ಪುಲ್ಲಿಯಲ್ಲಿ ಎಳೆದು ತೆಗೆದೆವು. ನಾಲ್ಕು ಕೊಳವೆ, ನಾಲ್ಕು ಜಾಗ. ಆರಡಿ ಕೆಸರೆಂದರೆ ಹೆಚ್ಚುಕಡಿಮೆ ಆರು ಸಾವಿರ ವರ್ಷ. ಅಡಿಯಲ್ಲಿ ಹಳೆಯದು, ತಲೆಯಲ್ಲಿ ನಿನ್ನೆ ಮೊನ್ನೆಯದು. ಪ್ರತಿ ಮೂರಂಗುಲಕ್ಕೊಂದು ಚಿಟಿಕೆ ತೆಗೆದು, ಜರಡಿಯಲ್ಲಿ ತೊಳೆದು, ಉಳಿದ ಮರಳಿನಿಂದ ರವೆಯಷ್ಟು ಸಣ್ಣ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಲ್ಲಿ ಒಂದೊಂದಾಗಿ ಆಯುವುದು. ಫೊರಾಮಿನಿಫೆರಾ. ನೀನು ಅವನ್ನು ‘ನಮ್ಮ ಮಕ್ಕಳು’ ಎನ್ನುತ್ತಿದ್ದೆ. ಮೂರು ಮುಳ್ಳಿನವು ಸಮುದ್ರದವು, ಮುಳ್ಳಿಲ್ಲದ ಗುಂಡನೆಯವು ಹಿನ್ನೀರಿನವು. ಯಾವುದು ಎಷ್ಟೆಂದು ಎಣಿಸಿದರೆ, ಆ ಮೂರಂಗುಲ ಕೂತ ಕಾಲದಲ್ಲಿ ಕಡಲು ಎಲ್ಲಿತ್ತೆಂದು ಹೇಳಬಹುದು.

ಒಂದು, ಎರಡು, ಮೂರನೇ ಕೊಳವೆಗಳು ಒಂದೇ ಮಾತು ಹೇಳಿದವು. ಅಡಿಯಲ್ಲಿ ಮುಳ್ಳಿನವು, ತಲೆಯಲ್ಲಿ ಗುಂಡನೆಯವು. ಹಿಂದೊಮ್ಮೆ ಕಡಲು ಅಲ್ಲಿಯವರೆಗೆ ಒಳಗೆ ಬಂದಿತ್ತು, ಮೆಲ್ಲಗೆ ಹಿಂದೆ ಸರಿಯಿತು. ನಿನ್ನ ಪಾಲಿಗೆ ಬಂದ ನಾಲ್ಕನೆಯದು ಮಾತ್ರ ತಿರುವುಮುರುವು. ಬರಿಯ ಎರಡು ಮೈಲು ದೂರದಲ್ಲಿ ಕಡಲು ಉಲ್ಟಾ ನಡೆಯಿತೆಂದರೆ ಯಾರು ಒಪ್ಪುತ್ತಾರೆ? ಕಾಲ ಗೊತ್ತುಮಾಡಲು ಆಗ ನಾವು ಹೊರಗೆ ಕಳಿಸಿದ್ದು ಕೊಳವೆಗೊಂದೇ ಮಾದರಿ, ಅದೂ ನಟ್ಟನಡುವಿನದು. ನಡು ಯಾವ ಕಡೆಯಿಂದ ಅಳೆದರೂ ನಡುವೇ. ಅದರಿಂದ ಏನೂ ಗೊತ್ತಾಗಲಿಲ್ಲ.

ನೀನು ಪೊಟ್ಟಣಗಳನ್ನು ಅದಲುಬದಲು ಮಾಡಿದ್ದೀಯೆಂದು ನಮ್ಮ ಗೈಡು ಮಧುಸೂದನ್ ಸರ್ ತೀರ್ಮಾನಿಸಿದರು. ಇಪ್ಪತ್ತನಾಲ್ಕು ಪೊಟ್ಟಣ, ಒಂದೊಂದರಲ್ಲಿ ಮುನ್ನೂರು, ಏಳು ಸಾವಿರದ ಇನ್ನೂರು ಚಿಪ್ಪಿನಲ್ಲಿ ಒಂದೂ ಜಾಗ ಬಿಟ್ಟು ಕದಲಿಲ್ಲ ಎಂದು ನೀನು ಅವರ ಮೇಜಿನ ಮುಂದೆ ನಿಂತು ಹೇಳಿದೆ. ಅವರು ಕೇಳಲಿಲ್ಲ. ಕೊಳವೆಗಳ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಅವರು ಬರೆದದ್ದು ನಿನಗೆ ತಿಳಿದಿಲ್ಲ, ಏಕೆಂದರೆ ನೀನು ಆ ವಾರವೇ ಬರುವುದನ್ನು ನಿಲ್ಲಿಸಿದೆ. ಇಂಗ್ಲಿಷಿನಲ್ಲಿದೆ. ಕನ್ನಡಕ್ಕೆ ತಂದರೆ ಇಷ್ಟು: ‘ನಾಲ್ಕನೇ ಕೊಳವೆ ಕೈಬಿಡಲಾಗಿದೆ. ಆಯ್ದವರ ಅಜಾಗರೂಕತೆ. ಕೆ. ಎಸ್.’

ಕೆ. ಎಸ್. ನೀನು. ಆಗಿನ ನಿನ್ನ ಇನಿಷಿಯಲ್, ನಿಮ್ಮಪ್ಪ ಕೃಷ್ಣಸ್ವಾಮಿಯವರದ್ದು. ಪ್ರತಿವರ್ಷ ಹೊಸ ಹುಡುಗರು ಬಂದಾಗ ಆ ಪುಸ್ತಕ ತೆರೆದು ದಾಖಲೆ ಹೇಗೆ ಇಡಬೇಕೆಂದು ತೋರಿಸುವುದು ನನ್ನದೇ ಕೆಲಸ. ಆ ಪುಟ ಬಂದಾಗ ಬೇಗ ತಿರುವುತ್ತಿದ್ದೆ.

ಶ್ರೀಯಾ ಬೇಗ ತಿರುವಲು ಬಿಡಲಿಲ್ಲ. ಬೆರಳಿಟ್ಟು ಓದಿದಳು. “ಯಾರ್ ಮ್ಯಾಮ್ ಇಂದ ಕೆ. ಎಸ್.? ಸರಿಯಾನ ಸೋಂಬೇರಿ ಪೋಲ” ಎಂದು ನಕ್ಕಳು. ಮಹಾ ಸೋಮಾರಿಯೇ ಇರಬೇಕು ಎಂದು. ಜೊತೆಗಿದ್ದವರೂ ನಕ್ಕರು. ನಾನು ಏನು ಮಾಡಿದೆ ಗೊತ್ತೇ ವಿದ್ಯಾ? ಕನ್ನಡಕ ಒರೆಸಿದೆ.

ಈಗ ಹೇಳಬೇಕಾದ ಜಾಗಕ್ಕೆ ಬಂದೆ.

ಮೇ ತಿಂಗಳಲ್ಲಿ ಇಲಾಖೆಯ ಶೀತಲ ಕೋಣೆಯ ಕಂಪ್ರೆಸರ್ ಕೆಟ್ಟಿತು. ಹೊರಗೆ ನಲವತ್ತೆರಡು ಡಿಗ್ರಿ. ಹದಿನೈದು ದಿನ ಕೊಳವೆಗಳನ್ನು ಎಲ್ಲಿಡುವುದೆಂದು ಸರ್ ತಲೆ ಕೆಡಿಸಿಕೊಂಡಿದ್ದಾಗ ನಾನು ಎದ್ದು, ನಮ್ಮಪ್ಪನ ಹೋಟೆಲಿನಲ್ಲಿ ಕೋಲ್ಡ್ ರೂಮಿದೆ ಎಂದೆ. ಎಷ್ಟು ಹೆಮ್ಮೆಯಿಂದ ಅಂದೆ! ಅಲ್ಲಿಯತನಕ ಇಲಾಖೆಯಲ್ಲಿ ನನ್ನನ್ನು ಹಿಂದಿನಿಂದ ‘ಇಡ್ಲಿ’ ಎನ್ನುತ್ತಿದ್ದರು. ತ್ರಿಪ್ಲಿಕೇನಿನ ಹೋಟೆಲ್ ಸುಬ್ರಾಯರ ಮಗಳಿಗೂ ಸಂಶೋಧನೆಗೂ ಏನು ನಂಟು ಎಂಬ ಧಾಟಿ. ಈಗ ಸಂಶೋಧನೆಯೇ ಹೋಟೆಲಿಗೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನಾಲ್ಕೂ ಕೊಳವೆಗೆ ಮಾರ್ಕರ್ ಪೆನ್ನಿನಲ್ಲಿ ತಲೆಯ ಕಡೆಗೆ ಬಾಣ ಬರೆದಿತ್ತು. ಹಾಲಿನ ಕ್ಯಾನುಗಳ ಪಕ್ಕ ಅವನ್ನು ಒರಗಿಸಿ, ಯಾವುದೇ ಕಾರಣಕ್ಕೂ ಮೇಲೆ ಕೆಳಗೆ ಮಾಡಬೇಡಿ ಎಂದು ಅಪ್ಪನಿಗೆ ಹೇಳಿ ಬಂದೆ.

ಅಪ್ಪ ಮಾಡಲಿಲ್ಲ. ಆದರೆ ಅಪ್ಪನ ಹೋಟೆಲಿನ ಶಿಸ್ತು ನಿನಗೆ ಗೊತ್ತಲ್ಲ. ನೀನೇ ತಮಾಷೆ ಮಾಡುತ್ತಿದ್ದೆ, ನಿಮ್ಮಪ್ಪ ಗಿರಾಕಿಗಳನ್ನೂ ತೊಳೆದೇ ಒಳಗೆ ಬಿಡುತ್ತಾರೆ ಕಣೇ ಎಂದು. ಕೊಳವೆಗಳಿಗೆ ಹಿನ್ನೀರಿನ ಕಪ್ಪು ಕೆಸರು ಮೆತ್ತಿತ್ತು, ನಾತ ಬೇರೆ. ಹದಿನೈದು ದಿನ ಬಿಟ್ಟು ನಾನು ಹೋಗಿ ನೋಡಿದರೆ ನಾಲ್ಕೂ ಬೆಳ್ಳಿಯ ಹಾಗೆ ಫಳಫಳ. ಹುಣಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿಸಿಬಿಟ್ಟಿದ್ದರು. ಬಾಣವೂ ಇಲ್ಲ, ಸಂಖ್ಯೆಯೂ ಇಲ್ಲ. ನಾನು ಕೂಗಾಡಿದೆ. “ಹಾಲಿನ್ ಹತ್ರ ಕೆಸ್ರ್ ಇಡುಕಾತ್ತಾ ಹೆಣೆ? ತೊಳ್ಸಿ ಇಟ್ಟಿದೆ ಕಾಣ್” ಎಂದರು ಅಪ್ಪ, ಉಪಕಾರ ಮಾಡಿದ ಮುಖದಲ್ಲಿ. ಕೋಲ್ಡ್ ರೂಮಿನಿಂದ ಅವನ್ನು ಹೊರತಂದು ಬಿಸಿಲಿಗಿಟ್ಟಾಗಿತ್ತು, ಆಟೊ ಕಾಯುತ್ತಿತ್ತು. ಯಾವುದರ ತಲೆ ಯಾವ ಕಡೆ?

ಮೂರು ಕೊಳವೆಗಳಲ್ಲಿ ಕೆಸರು ಒಂದು ಗೇಣು ತಗ್ಗಿಗೆ ನಿಂತಿತ್ತು, ಆ ಖಾಲಿಗೆ ನಾವು ಹಳೆಯ ಪೇಪರು ತುರುಕಿದ್ದೆವು. ಮುಚ್ಚಳ ತೆಗೆದು ನೋಡಿದರೆ ಪೇಪರು ಇದ್ದ ಕಡೆ ತಲೆ. ಉದ್ದ ಅಳೆದರೆ ಸಂಖ್ಯೆಯೂ ತಿಳಿಯಿತು. ನಾಲ್ಕನೆಯದು ಮಾತ್ರ ಎರಡು ತುದಿಗೂ ತುಂಬಿತ್ತು, ಎರಡು ಕಡೆಯೂ ಒಂದೇ ಕಪ್ಪು. ನಾನು ಊಹಿಸಿದೆ. ಊಹಿಸಿ ಬಾಣ ಎಳೆದೆ. ಮೂಸಿ ನೋಡಿದೆ ಕೂಡ, ನಗಬೇಡ. ಆಟೊದವನು ಹಾರ್ನ್ ಹೊಡೆಯುತ್ತಿದ್ದ.

ಸರ್‌ಗೆ ಹೇಳಬಹುದಿತ್ತು. ನಾಲ್ಕನೆಯದನ್ನು ಬಿಟ್ಟು ಇನ್ನೊಂದು ತೆಗೆಯಬಹುದಿತ್ತು, ಒಂದು ದಿನದ ಕೆಲಸ. ಆದರೆ ಕೊಳವೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿದ ಕಥೆ ಇಲಾಖೆಯ ತುಂಬ ಹರಡುತ್ತಿತ್ತು, ‘ಇಡ್ಲಿ’ ಎಂಬ ಹೆಸರು ನನ್ನ ನಿವೃತ್ತಿಯವರೆಗೂ ನಿಲ್ಲುತ್ತಿತ್ತು. ಅಪ್ಪನನ್ನು ಅವರು ಆಡಿಕೊಳ್ಳುವುದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಸುಮ್ಮನಾದೆ. ಕೊಳವೆಗಳನ್ನು ಉದ್ದಕ್ಕೆ ಸೀಳಿ, ಅರ್ಧ ನಿನಗೆ ಆಯಲು ಕೊಟ್ಟರು. ಇನ್ನರ್ಧವನ್ನು ಮುಂದೆಂದಾದರೂ ಬೇಕಾದೀತೆಂದು ಸುತ್ತಿ, ಯಾವ ತುದಿಯ ಮುಚ್ಚಳವನ್ನು ಆ ತುದಿಗೇ ಹಾಕಿ, ಉಗ್ರಾಣಕ್ಕೆ ಸೇರಿಸಿದೆವು.

ಇದಾಗಿ ವಾರವಾಗಿರಬೇಕು. ಮನೆಯಲ್ಲಿ ಅಪ್ಪ ಊಟಕ್ಕೆ ಕೂತವರು ಕೇಳಿದರು, ಕೊಳವೆಯ ಬಾಳೆನಾರು ನೋಡಿ ತಲೆ ಗೊತ್ತಾಯಿತಲ್ಲವೇ ಎಂದು. ಎಂಥ ನಾರು ಎಂದೆ. “ನಾರ್ ಕಟ್ಟಿದ್ ಬದಿ ತಲೆ. ಮೇಲ್ ಕೆಳ್ಗೆ ಆಪುಕಾಗ ಅಂದಿದ್ಯಲೆ ನೀನು, ತೊಳುಕ್ ಮುಂಚೆ ಗುರ್ತಕ್ಕೆ ಕಟ್ಸಿದ್ದೆ” ಎಂದರು. ಹೋಟೆಲಿನಲ್ಲಿ ಅದೊಂದು ಪದ್ಧತಿ ವಿದ್ಯಾ. ಈವತ್ತು ರುಬ್ಬಿದ ಹಿಟ್ಟಿನ ಪಾತ್ರೆಯ ಕಿವಿಗೆ ಬಾಳೆನಾರು ಕಟ್ಟುತ್ತಾರೆ, ನಿನ್ನೆಯದಕ್ಕೆ ಇಲ್ಲ. ನಾರಿಲ್ಲದ್ದು ಮೊದಲು ಖರ್ಚಾಗಬೇಕು. ಹುಟ್ಟಿದಾರಭ್ಯ ನೋಡಿದವಳು ನಾನು. ಆ ದಿನ ನಾಲ್ಕು ಮುಚ್ಚಳಗಳ ಕುತ್ತಿಗೆಯಲ್ಲೂ ನಾರು ನೇತಾಡುತ್ತಿದ್ದದ್ದನ್ನು ಕಂಡಿದ್ದೆ. ಬಾಳೆಲೆಯ ಕಟ್ಟಿನಿಂದ ಬಂದ ಕಸವೆಂದು ಕಿತ್ತು ಎಸೆದಿದ್ದೆ. ವಿಜ್ಞಾನಿಯ ಕಣ್ಣಿಗೆ ಅದು ಗುರುತೆಂದು ಹೊಳೆಯಲೇ ಇಲ್ಲ. ನಾಲ್ಕನೆಯದರ ನಾರು ಯಾವ ತುದಿಯಲ್ಲಿತ್ತೆಂದು ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ನೋಡಿ ತಿಳಿಯಲು ಏನೂ ಉಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನ ಎಣಿಕೆ ಉಲ್ಟಾ ಬಂತು. ಸರ್ ಕೂಗಾಡಿದ ಮರುದಿನ ಬೆಳಿಗ್ಗೆ ನೀನು ಮೆಟ್ಟಿಲ ಕೆಳಗೆ ನನ್ನನ್ನು ನಿಲ್ಲಿಸಿ ಕೇಳಿದೆ: “ವಿನೂ, ಬಾಣ ಸರಿಯಾಗಿ ಹಾಕಿದ್ಯಾ ಕಣೇ? ಖಂಡಿತಾ ಗೊತ್ತಾ ನಿಂಗೆ?” ಇರು, ಉಗ್ರಾಣಕ್ಕೆ ಹೋಗಿ ಉಳಿದರ್ಧ ನೋಡಿ ಬರುತ್ತೇನೆ ಎಂದೆ. ಹೋದೆ. ಬಂದೆ. ಖಂಡಿತ ಎಂದೆ.

ನೀನು ನಂಬಿದೆ. ನನ್ನ ಮೇಲೆ ಒಂದು ಚೂರೂ ಅನುಮಾನವಿಲ್ಲದೆ, ಹಾಗಾದರೆ ನಾನೇ ಎಲ್ಲೋ ಎಡವಿರಬೇಕು ಎಂದುಬಿಟ್ಟೆ. ನಿನ್ನ ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಎರಡು ವಾರದ ಮೇಲೆ ಇಲಾಖೆಯ ಒಂದೇ ಒಂದು ಖಾಯಂ ಹುದ್ದೆಗೆ ಸಂದರ್ಶನ ನಡೆಯಿತು. ನಿನ್ನ ಅರ್ಜಿಯೂ ಇತ್ತು, ನೀನು ಬರಲಿಲ್ಲ. ನನಗೆ ಸಿಕ್ಕಿತು. ನೀನು ವಿಮೆಯ ಪರೀಕ್ಷೆ ಬರೆದು ಅತ್ತ ಹೋದೆಯೆಂದು ಯಾರೋ ಹೇಳಿದರು. ನಾನು ಒಂದು ಕಾಗದ ಬರೆದೆ, ನೀನು ಉತ್ತರಿಸಲಿಲ್ಲ. ಎರಡನೆಯದು ಇದು.

ಅಪ್ಪ 2011ರಲ್ಲಿ ಹೋದರು. ಅಲ್ಲಿಯವರೆಗೂ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದರು, “ಆ ರೈಲ್ವೆಯವ್ರ್ ಹೆಣ್ ಯಾಕ್ ಬತ್ತಿಲ್ಲೆ ಈಗ? ಗೋಳಿಬಜೆ ಅಂದ್ರೆ ಜೀವ ಅಲ್ದಾ ಅದ್ಕೆ” ಎಂದು. ಕೆಲಸ ಜಾಸ್ತಿಯಂತೆ ಎನ್ನುತ್ತಿದ್ದೆ. ಅವರು ತೊಳೆಸಿದ್ದರಿಂದ ಏನಾಯಿತೆಂದು ಅವರಿಗೆ ಹೇಳಲಿಲ್ಲ. ಅದೊಂದು ನಾನು ಸರಿಯಾಗಿ ಮಾಡಿದ ಕೆಲಸವಿರಬಹುದು.

ಇನ್ನು ಶ್ರೀಯಾ. ಐದು ತಿಂಗಳು ಕತ್ತು ಎತ್ತದೆ ನಾಲ್ಕೂ ಕೊಳವೆಗಳ ಉಳಿದರ್ಧವನ್ನು ಮತ್ತೆ ಆಯ್ದಳು. ನಿನ್ನ ಹಾಗೆಯೇ ಎಣಿಸುವಾಗ ನಾಲಗೆಯ ತುದಿ ಹೊರಗೆ ಹಾಕುತ್ತಾಳೆ. ಹತ್ತು ದಿನದ ಹಿಂದೆ ನನ್ನ ಮೇಜಿಗೆ ಎರಡು ಹಾಳೆ ತಂದಿಟ್ಟಳು. ಒಂದರಲ್ಲಿ 1995ರ ಕೆ. ಎಸ್. ಎಣಿಕೆ, ಇನ್ನೊಂದರಲ್ಲಿ ಅವಳದು. ಇಪ್ಪತ್ತನಾಲ್ಕು ಸಾಲೂ ಕೈ ಹಿಡಿದು ನಡೆಯುವಂತೆ ಕೂಡಿಬರುತ್ತಿದ್ದವು. “ಮ್ಯಾಮ್, ಕೆ. ಎಸ್. ಪರ್ಫೆಕ್ಟ್. ತಲೈಕೀಳಾ ವೆಚ್ಚಾ ಎಲ್ಲಾಮೇ ಫಿಟ್ ಆಗುದು” ಎಂದಳು. ಕೊಳವೆಯನ್ನು ತಲೆಕೆಳಗು ಮಾಡಿದರೆ ಎಲ್ಲವೂ ಉಳಿದ ಮೂರಕ್ಕೆ ಸರಿಹೊಂದುತ್ತದೆ ಎಂದು. ಹೋದ ಶುಕ್ರವಾರ ಕಾಲದ ವರದಿಯೂ ಬಂತು. ಈಗ ತುದಿಗಳ ಮಾದರಿಯನ್ನೂ ಕಳಿಸುತ್ತೇವೆ. ನನ್ನ ಬಾಣ ‘ತಲೆ’ ಎಂದು ತೋರಿಸಿದ ತುದಿಗೆ ಐದು ಸಾವಿರದ ಎಂಟುನೂರು ವರ್ಷ. ‘ಅಡಿ’ ಎಂದ ತುದಿಗೆ ಇನ್ನೂರೂ ಇಲ್ಲ.

ಆಮೇಲೆ ಅವಳು ಕೊಳವೆಯ ಮೇಲಿನ ಬಾಣವನ್ನು ಬಹಳ ಹೊತ್ತು ನೋಡಿದಳು. ನಾನು ಬಾಣದ ಬಾಲಕ್ಕೊಂದು ಸಣ್ಣ ಸೊನ್ನೆ ಸುತ್ತುತ್ತೇನೆ, ನಿನಗೆ ನೆನಪಿರಬಹುದು. ಇವತ್ತಿನ ಡಬ್ಬಿಗಳ ಮೇಲೂ ಹಾಗೆಯೇ ಬರೆಯುತ್ತೇನೆ. ನಿಮ್ಮ ಬಾಣದ ಹಾಗೇ ಇದೆಯಲ್ಲ ಮ್ಯಾಮ್ ಎಂದಳು. ಆಗ ಎಲ್ಲರೂ ಹೀಗೇ ಬರೆಯುತ್ತಿದ್ದರು ಎಂದೆ. ಮೂವತ್ತು ವರ್ಷದ ಮೇಲೂ ನನ್ನ ಬಾಯಿಗೆ ಮೊದಲು ಬಂದದ್ದು ಸುಳ್ಳೇ. ಉಳಿದರ್ಧದ ಒಂದು ತುದಿಗೆ ಮಾತ್ರ ಏಕೆ ಇಷ್ಟೊಂದು ಟೇಪು ಸುತ್ತಿದೆ, ಬಿಚ್ಚಲೇ ಎಂದಳು. ಬೇಡ, ಮುಚ್ಚಳ ಪುಡಿಯಾಗುತ್ತದೆ ಎಂದೆ.

ಸೋಮವಾರ, 23ನೇ ತಾರೀಖು ಹನ್ನೊಂದು ಗಂಟೆಗೆ ಇಲಾಖೆಯ ಎದುರು ಅವಳ ಮಂಡನೆ. ಪ್ರಬಂಧದ ಮೊದಲ ಪುಟದಲ್ಲಿ ಕೆ. ಎಸ್.ಗೆ ಕೃತಜ್ಞತೆ ಬರೆದಿದ್ದಾಳೆ. “ಪಾವಂ ಮ್ಯಾಮ್, ಯಾರೋ ಮಾಡಿದ ತಪ್ಪಿಗೆ ಅವ್ರ ಹೆಸ್ರು” ಎಂದು, ಪಾಪ ಎನ್ನುವ ತಮಿಳಿಗೆ ಅವಳು ಮೊದಲ ಸಲ ಕನ್ನಡ ಸೇರಿಸಿ ಹೇಳಿದ್ದು ಆಗಲೇ. ಪೂರ್ತಿ ಹೆಸರೂ ವಿಳಾಸವೂ ಬೇಕಂತೆ, ಪ್ರಬಂಧದ ಒಂದು ಪ್ರತಿಯನ್ನು ಕೊಂಡುಹೋಗಿ ತಾನೇ ಕೈಗೆ ಕೊಡುತ್ತಾಳಂತೆ. ನೀವು ಆ ಕಾಲದವರು, ಹುಡುಕಿಕೊಡಿ ಮ್ಯಾಮ್ ಎಂದು ಗಂಟುಬಿದ್ದಿದ್ದಾಳೆ. ಸೋಮವಾರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ನಿನ್ನ ಮಗಳು ನಿನ್ನನ್ನೇ ಹುಡುಕುತ್ತಿದ್ದಾಳೆ ವಿದ್ಯಾ, ಗೊತ್ತಿಲ್ಲದೆ ನಿನ್ನ ಪರವಾಗಿ ವಾದಿಸುತ್ತಿದ್ದಾಳೆ. ಅದನ್ನು ನೋಡುತ್ತ ಕೂತಿದ್ದು ನನಗೆ ಆದ ಶಿಕ್ಷೆಯೆಂದರೂ ಸರಿ, ಸಂತೋಷವೆಂದರೂ ಸರಿ. ಎರಡೂ ಆಯಿತು.

ನಿನಗೆ ಬೇಡವೆಂದರೆ ಕೆ. ಎಸ್. ಯಾರೆಂದು ನಾನು ಹೇಳುವುದಿಲ್ಲ. ನೀನೇ ಹೇಳಬೇಕೆಂದಿದ್ದರೆ ಭಾನುವಾರ ಅವಳಿಗೆ ಫೋನ್ ಮಾಡು. ಸ್ಪೀಡ್ ಪೋಸ್ಟ್ ಶನಿವಾರ ತಲುಪುತ್ತದೆಂದು ಅಂಚೆಯವರು ಹೇಳಿದ್ದಾರೆ. ಆದರೆ ಬಾಣ ಎಳೆದವಳು ನಾನೆಂದು ಸೋಮವಾರ ಎಲ್ಲರೆದುರು ಹೇಳಿಯೇ ತೀರುತ್ತೇನೆ. ಅದಕ್ಕೆ ನಿನ್ನ ಅಪ್ಪಣೆ ಕೇಳುತ್ತಿಲ್ಲ. ಇಂದು ಬೆಳಿಗ್ಗೆ ದಾಖಲೆ ಪುಸ್ತಕ ತೆಗೆದು ಸರ್ ಬರೆದ ಕೆಂಪು ಸಾಲಿನ ಕೆಳಗೆ ನೀಲಿಯಲ್ಲಿ ಬರೆದು ಸಹಿ ಹಾಕಿದ್ದೇನೆ: ‘ಮೇಲಿನ ಸಾಲು ಸರಿಯಲ್ಲ. ಆಯ್ಕೆ ನಿರ್ದುಷ್ಟವಾಗಿದೆ. ಕೊಳವೆಯ ತಲೆ ಗುರುತಿಸುವಲ್ಲಿ ನನ್ನಿಂದ ತಪ್ಪಾಯಿತು. ವಿನೋದಾ.’ ಸರ್ ಈಗಿಲ್ಲ. ಇದ್ದಿದ್ದರೆ ಅವರ ಮುಂದೆಯೂ ಬರೆಯುವ ಧೈರ್ಯ ಬರುತ್ತಿತ್ತೆಂದು ನಾನು ಜಂಬ ಕೊಚ್ಚುವುದಿಲ್ಲ. 30ನೇ ತಾರೀಖು ನನ್ನ ನಿವೃತ್ತಿ. ಹೊರಡುವಾಗ ಹೂಮಾಲೆ ಹಾಕುತ್ತಾರೋ ಇಲ್ಲವೋ, ನೋಡೋಣ.

ಕ್ಷಮಿಸು ಎಂದು ಇಷ್ಟುದ್ದದ ಕಾಗದದಲ್ಲಿ ಎಲ್ಲೂ ಬರೆದಿಲ್ಲವೆಂದು ಈಗ ಹಿಂದಿರುಗಿ ಓದಿದಾಗ ಕಂಡಿತು. ಬೇಕೆಂದೇ ಬಿಟ್ಟೆ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ನಿನ್ನ ಎಣಿಕೆ ಸರಿಯಿತ್ತು. ಏಳು ಸಾವಿರದ ಇನ್ನೂರೂ ಸರಿಯಿತ್ತು. ಅದನ್ನು ನನ್ನ ಕೈಯಲ್ಲಿ ಬರೆದು ಕಳಿಸಬೇಕಿತ್ತು, ಕಳಿಸುತ್ತಿದ್ದೇನೆ.

ಗಿರಿಧರರಿಗೆ ನಮಸ್ಕಾರ.

ಮೆಟ್ಟಿಲ ಕೆಳಗೆ ನೀನು ನಂಬಿದ್ದ
ವಿನೋದಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ‘ನೋಡಿ ತಿಳಿಯಲು ಏನೂ ಉಳಿದಿರಲಿಲ್ಲ’ ಎಂದು ಬರೆದಿದ್ದೇನೆ. ಅದು ಸುಳ್ಳು. ನೀನು ಕೇಳಿದ ದಿನ ಉಗ್ರಾಣದಲ್ಲಿ ಟಾರ್ಚ್ ಹಿಡಿದು ನೋಡಿದೆ. ನಾಲ್ಕನೆಯದರ ನಾರನ್ನು ಕಿತ್ತಿದ್ದೆನಾದರೂ ಅದರ ಗಂಟು ಮುಚ್ಚಳದ ಸಂದಿನಲ್ಲಿ ಸಿಕ್ಕಿಕೊಂಡೇ ಇತ್ತು, ನನ್ನ ಬಾಣ ‘ಅಡಿ’ ಎಂದ ತುದಿಯಲ್ಲಿ. ಎರಡು ವಾರದಲ್ಲಿ ಸಂದರ್ಶನವಿತ್ತು, ಹುದ್ದೆ ಒಂದೇ ಇತ್ತು, ಮತ್ತು ನಿನ್ನ ಕೆಲಸ ನನ್ನದಕ್ಕಿಂತ ಚೆನ್ನಾಗಿತ್ತು. ಗಂಟಿನ ಮೇಲೆ ಟೇಪು ಸುತ್ತಿ ಬಂದು ‘ಖಂಡಿತ’ ಎಂದೆ. ಅಪ್ಪನ ಮರ್ಯಾದೆಯ ಮಾತೆಲ್ಲ ಮೇ ತಿಂಗಳಿಗೆ ನಿಜ, ಸೆಪ್ಟೆಂಬರಿಗೆ ಅಲ್ಲ. ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಟೇಪು ಬಿಚ್ಚಿದೆ. ಇದರ ಜೊತೆಗಿನ ಸಣ್ಣ ಪೊಟ್ಟಣದಲ್ಲಿರುವುದು ಆ ಗಂಟು, ಅಪ್ಪ ಕಟ್ಟಿಸಿದ್ದು. ಮುಟ್ಟಿದರೆ ಪುಡಿಯಾಗುತ್ತದೆ, ಜೋಪಾನ. ಪುಸ್ತಕದಲ್ಲಿ ನಾನು ‘ತಪ್ಪಾಯಿತು’ ಎಂದು ಬರೆದಿದ್ದೇನೆ. ಅದು ತಪ್ಪಲ್ಲ, ತಿಳಿದೇ ಮಾಡಿದ್ದು ಎಂಬುದಕ್ಕೆ ಇರುವುದು ಇದೊಂದೇ ಸಾಕ್ಷಿ. ಶ್ರೀಯಾಳಿಗೆ ಇದನ್ನು ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕೊಟ್ಟರೆ, ಯಾವ ತುದಿಯದೆಂದು ಅವಳು ಕೇಳುತ್ತಾಳೆ. ತಲೆಯದು ಎಂದು ಹೇಳು.